ಅರ್ಧ ಮಣ್ಣಿನೊಳಗಿರುವ ಕೋಣೆ ಹಗಲಲ್ಲೂ ಕತ್ತಲು: ಯಾವ ಕೆಲಸ ಮೊದಲು?

(ಪ್ರಶ್ನೋತ್ತರ. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ಮೂವತ್ತು-ನಲವತ್ತು

ಬೆಂಗಳೂರಿನ 30-40 ಸೈಟಿನ ಮನೆ. ರಸ್ತೆ ಕಡೆ ನೆಲ ಎತ್ತರ, ಹಿಂದಕ್ಕೆ ಇಳಿಜಾರು. ಹಾಗಾಗಿ ಕೆಳಗಿನ ಒಂದು ಕೋಣೆ ಅರ್ಧ ಮಣ್ಣಿನೊಳಗಿದೆ. ಇಷ್ಟು ದಿನ ಹಳೇ ಸಾಮಾನು ತುಂಬಿದ್ದ ಜಾಗ. ಈಗ ಹಗಲು ಮಕ್ಕಳು ಓದಲಿಕ್ಕೆ, ಸಂಜೆ ವೀಣೆ ಅಭ್ಯಾಸಕ್ಕೆ, ನೆಂಟರು ಬಂದರೆ ಕೂತು ಮಾತಾಡಲಿಕ್ಕೆ ಆಗಬೇಕು.

ಅಳತೆ: 12 ಅಡಿಗೆ 18 ಅಡಿ, ಎತ್ತರ 8.5 ಅಡಿ. ನಡುವೆ ಅಡ್ಡಲಾಗಿ ಒಂದು ತೊಲೆ, ಅದು 1 ಅಡಿ ಕೆಳಗೆ ಇಳಿದಿದೆ. ಬಲಗಡೆ ಉದ್ದ ಗೋಡೆಯಲ್ಲಿ ಸೂರಿನ ಹತ್ತಿರ ಎರಡು ವೆಂಟಿಲೇಟರ್, ಒಂದೊಂದೂ 4 ಅಡಿ ಅಗಲ, 1.5 ಅಡಿ ಎತ್ತರ. ಅವುಗಳ ಆಚೆ 3 ಅಡಿ ಓಣಿ, ಆಮೇಲೆ ಕಾಂಪೌಂಡ್ ಗೋಡೆ. ರಸ್ತೆ ಕಡೆಯ ಗೋಡೆ ಪೂರ್ತಿ ಮಣ್ಣಿಗೆ ಒರಗಿದೆ, ಅದರ ಹಿಂದೆಯೇ ಸಂಪು. ಆ ಗೋಡೆಯಲ್ಲಿ ನೆಲದಿಂದ 2 ಅಡಿವರೆಗೆ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತದೆ. ನೆಲಕ್ಕೆ ಕಡಪ ಕಲ್ಲು, ಗೋಡೆಗೆ ಹಳೇ ನೀಲಿ ಡಿಸ್ಟೆಂಪರ್. ಈಗಿರುವುದು 20 ವ್ಯಾಟಿನ ಒಂದೇ ಎಲ್‌ಇಡಿ ಟ್ಯೂಬ್‌ಲೈಟ್. ಇನ್ವರ್ಟರ್ ಬ್ಯಾಟರಿಯೂ ಅಲ್ಲೇ ಇದೆ.

ಗೋಡೆಗೆ ಪೂರ್ತಿ ಪಿವಿಸಿ ಪ್ಯಾನೆಲ್ ಹೊಡೆಸಿ, ಫಾಲ್ಸ್ ಸೀಲಿಂಗ್ ಮಾಡಿಸಿ, ಅದರ ತುಂಬ ಲೈಟ್ ಹಾಕಿಸಿಬಿಡಿ ಅಂತ ಒಬ್ಬ ಗುತ್ತಿಗೆದಾರರ ಸಲಹೆ. ಸರಿಯಾ? ಇಲ್ಲದಿದ್ದರೆ ಕೆಲಸದ ಕ್ರಮ ಹೇಗಿರಬೇಕು?

ಕರಣೆ

ಪ್ಯಾನೆಲ್ ಬೇಡ. ತೇವ ಹಾಗೇ ಇರುತ್ತದೆ, ನಿಮಗೆ ಕಾಣುವುದಿಲ್ಲ ಅಷ್ಟೆ. ಪ್ಯಾನೆಲ್ಲಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಗಾಳಿಯಾಡುವುದಿಲ್ಲ, ಬೂಷ್ಟು ಹಿಡಿಯುತ್ತದೆ, ಮರದ ಪಟ್ಟಿ ಕೊಟ್ಟಿದ್ದರೆ ಗೆದ್ದಲೂ ಬರುತ್ತದೆ. ಕೋಣೆಗೆ ಕಾಲಿಟ್ಟ ಕೂಡಲೇ ಮುಗ್ಗಲು ವಾಸನೆ ಬಂದರೆ ಎಷ್ಟು ದೀಪ ಹಾಕಿದರೂ ಯಾರೂ ಅಲ್ಲಿ ಕೂರುವುದಿಲ್ಲ.

ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಪತ್ತೆ ಮಾಡಿ. ಎರಡು ಪರೀಕ್ಷೆ ಸಾಕು.

ಒಂದು, ಸಂಪು. ತುಂಬಿಸಿ, ಒಳಬರುವ ವಾಲ್ವ್ ಮುಚ್ಚಿ, ಮೋಟರ್ ಆಫ್ ಮಾಡಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. 24 ಗಂಟೆ ಬಿಟ್ಟು ನೋಡಿ. 6 ಅಡಿಗೆ 6 ಅಡಿ ಸಂಪಿನಲ್ಲಿ ಮಟ್ಟ 1 ಸೆಂಟಿಮೀಟರ್ ಇಳಿದರೆ ಸುಮಾರು 33 ಲೀಟರ್ ನೀರು ಮಣ್ಣಿಗೆ ಹೋಗಿದೆ ಎಂದರ್ಥ. ಮುಚ್ಚಳ ಹಾಕಿದ ಸಂಪಿನಲ್ಲಿ ಆವಿಯಾಗಿ ಅಷ್ಟು ಕಡಿಮೆಯಾಗುವುದಿಲ್ಲ.

ಎರಡು, ಗೋಡೆ. 1.5 ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಪುಡಿ ಉದುರುವ ಗೋಡೆಗೆ ಟೇಪ್ ಹಿಡಿಯುವುದಿಲ್ಲ, ಅಂಚಿನ ಜಾಗ ಮೊದಲು ಕೆರೆದುಕೊಳ್ಳಿ. ಎರಡು ದಿನದ ಮೇಲೆ ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆ ಕಡೆಯ ಮೈಯಲ್ಲಿ ಹನಿ ಇದ್ದರೆ ಅದು ಗಾಳಿಯ ತೇವ. ಎರಡರ ಮದ್ದು ಬೇರೆ ಬೇರೆ.

ಸಂಪು ಸೋರುತ್ತಿದ್ದರೆ ಮದ್ದು ಸಂಪಿನ ಒಳಗೇ ಆಗಬೇಕು. ಖಾಲಿ ಮಾಡಿ, ಉಜ್ಜಿ ತೊಳೆದು, ಗೋಡೆ ನೆಲ ಕೂಡುವ ಮೂಲೆಗಳನ್ನು ಗಾರೆಯಿಂದ ದುಂಡಾಗಿ ತುಂಬಿ, ಕುಡಿಯುವ ನೀರಿನ ತೊಟ್ಟಿಗೆ ಬಳಸಬಹುದು ಎಂದು ಡಬ್ಬದ ಮೇಲೆ ಬರೆದಿರುವ ಸಿಮೆಂಟ್ ಮೂಲದ ಲೇಪನ ಎರಡು ಕೋಟ್. ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡಡ್ಡ ಎಳೆಯಿರಿ, ಬಿಟ್ಟುಹೋದ ಚುಕ್ಕೆಗಳು ಮುಚ್ಚುತ್ತವೆ. ಮೊದಲ ಸಲ ತುಂಬಿದ ನೀರು ಚೆಲ್ಲಿಬಿಡಿ. ಹಾಗೇ ತಾರಸಿ ನೀರಿನ ಪೈಪು ಆ ಗೋಡೆಯ ಬುಡದಲ್ಲೇ ಕೊನೆಯಾಗಿದೆಯಾ, ಅಲ್ಲಿ ಹೂಕುಂಡದ ಸಾಲು ಇದೆಯಾ ನೋಡಿ.

ಇನ್ನು ಕೋಣೆಯ ಒಳಗಿನ ಕೆಲಸ. ಬಿಳಿ ಪುಡಿ ಅಂದರೆ ಉಪ್ಪು. ಒಣ ಬ್ರಷ್‌ನಿಂದ ಉಜ್ಜಿ ತೆಗೆದು ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗಾರೆಯೊಳಕ್ಕೇ ಹೋಗುತ್ತದೆ. ತೇವದ ಗೆರೆಗಿಂತ 1 ಅಡಿ ಮೇಲಿನವರೆಗೆ, ನಿಮ್ಮಲ್ಲಿ ಸುಮಾರು 3 ಅಡಿಯವರೆಗೆ, ಹಳೇ ಗಾರೆ ಪೂರ್ತಿ ಕೆತ್ತಿಸಿ. ಉಪ್ಪು ಹಿಡಿದ ಗಾರೆಯ ಮೇಲೇ ಹೊಸ ಲೇಪನ ಬಳಿದರೆ ಎರಡನೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಮೇಸ್ತ್ರಿಗಳು ಎಡವುವುದು ಮುಂದಿನ ಹೆಜ್ಜೆಯಲ್ಲಿ. ತಾರಸಿಗೆ ಬಳಸುವ ರಬ್ಬರಿನಂಥ ಲೇಪನವನ್ನೇ ಇಲ್ಲಿಗೂ ಬಳಿದುಬಿಡುತ್ತಾರೆ. ತಾರಸಿಯಲ್ಲಿ ನೀರು ಲೇಪನವನ್ನು ಕಾಂಕ್ರೀಟಿಗೆ ಒತ್ತುತ್ತದೆ. ಇಲ್ಲಿ ನೀರು ಗೋಡೆಯ ಹಿಂದಿನಿಂದ ಬಂದು ಲೇಪನವನ್ನು ಆಚೆಗೆ ತಳ್ಳುತ್ತದೆ, ಹಾಗಾಗಿ ಅದು ಬಲೂನಿನ ಹಾಗೆ ಉಬ್ಬುತ್ತದೆ. ಇಲ್ಲಿಗೆ ಬೇಕಾದ್ದು ಗೋಡೆಯ ರಂಧ್ರಗಳೊಳಗೇ ಹರಳುಗಟ್ಟುವ ಕ್ರಿಸ್ಟಲೈನ್ ಲೇಪನ ಅಥವಾ ಗಟ್ಟಿ ಸಿಮೆಂಟ್ ಲೇಪನ. ಅದರ ಮೇಲೆ 1:4 ಗಾರೆ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು), ಜೊತೆಗೆ ವಾಟರ್‌ಪ್ರೂಫಿಂಗ್ ದ್ರವ. ಸಾಮಾನ್ಯವಾಗಿ 50 ಕೆಜಿ ಸಿಮೆಂಟ್ ಮೂಟೆಗೆ 200 ಮಿಲಿ, ಆದರೆ ಡಬ್ಬದ ಮೇಲಿನ ಪ್ರಮಾಣವೇ ಪ್ರಮಾಣ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತೇನಿಲ್ಲ. 7 ದಿನ ನೀರುಣಿಸಿ, ಒಟ್ಟು 28 ದಿನ ಒಣಗಲು ಬಿಟ್ಟು ಆಮೇಲೆ ಬಣ್ಣ. ಈ ನಾಲ್ಕು ವಾರದ ವಿಷಯದಲ್ಲೇ ಎಲ್ಲರಿಗೂ ಅವಸರ.

ಪುಟ್ಟಿ ಬಿಳಿ ಸಿಮೆಂಟಿನದ್ದೇ ಆಗಲಿ. ಪಿಒಪಿ ಮತ್ತು ಅಕ್ರಿಲಿಕ್ ಪುಟ್ಟಿ ತೇವಕ್ಕೆ ಮೆತ್ತಗಾಗುತ್ತವೆ. ಆಯಿಲ್ ಪೇಂಟ್ ಬೇಡವೇ ಬೇಡ, ಗೋಡೆಗೆ ಉಸಿರಾಡಲು ದಾರಿ ಇರಬೇಕು.

ಅಮೆರಿಕದ ವಿಡಿಯೋ ನೋಡಿ ಗೋಡೆಗೆ ಫೋಮ್ ಬೋರ್ಡ್, ಜಿಪ್ಸಮ್ ಬೋರ್ಡ್ ಹಾಕಿಸಲು ಹೋಗಬೇಡಿ. ಅವರು ಅದನ್ನು ಮಾಡುವುದು ಹೆಚ್ಚಾಗಿ ಚಳಿಗಾಲದ ಕೊರೆಯುವ ಗೋಡೆಗೆ. ನಮ್ಮ ತೊಂದರೆ ಮಳೆಗಾಲದ್ದು.

ಲಕ್ಸ್ ಲೆಕ್ಕ

ಕರಣೆಯವರ ಕೆಲಸ ಮುಗಿದ ಮೇಲೆ ದೀಪದ ಮಾತು. ಈಗ ಯಾಕೆ ಕತ್ತಲೆನಿಸುತ್ತಿದೆ ಎಂಬುದು ಲೆಕ್ಕದಲ್ಲೇ ಗೊತ್ತಾಗುತ್ತದೆ. ನಿಮ್ಮ ಕೋಣೆ 216 ಚದರ ಅಡಿ, ಅಂದರೆ 20 ಚದರ ಮೀಟರ್. 20 ವ್ಯಾಟಿನ ಟ್ಯೂಬ್ ಕೊಡುವ ಒಟ್ಟು ಬೆಳಕು ಸುಮಾರು 2000 ಲುಮೆನ್. ಗೋಡೆ ನೆಲ ನುಂಗಿದ್ದು, ದೂಳು ಕೂತು ತಗ್ಗಿದ್ದು ಕಳೆದರೆ ಮೇಜಿನ ಮಟ್ಟಕ್ಕೆ ತಿಳಿ ಬಣ್ಣದ ಕೋಣೆಯಲ್ಲಿ ಅರ್ಧ ತಲುಪೀತು. ನೀಲಿ ಗೋಡೆ, ಕಡಪ ನೆಲದಲ್ಲಿ ಮೂರನೇ ಒಂದು ಭಾಗವೂ ಕಷ್ಟ. ಅಂದರೆ 30 ಲಕ್ಸ್ ಆಸುಪಾಸು (ಒಂದು ಚದರ ಮೀಟರಿನ ಮೇಲೆ ಬೀಳುವ ಲುಮೆನ್ ಎಷ್ಟೋ ಅಷ್ಟು ಲಕ್ಸ್). ಮೋಡ ಕವಿದ ದಿನ ಹೊರಗೆ ಸುಮಾರು 10,000 ಲಕ್ಸ್ ಇರುತ್ತದೆ. ಅಲ್ಲಿಂದ ಇಳಿದು ಬಂದ ಕಣ್ಣಿಗೆ ಅದು ಗುಹೆಯೇ.

ಕೂರುವ ಕೋಣೆಗೆ 150 ಲಕ್ಸ್ ಸಾಕು, ಓದುವ ಮೇಜಿನ ಮೇಲೆ ಮಾತ್ರ 300ರಿಂದ 500. ಆದರೆ ಅದನ್ನು ಸೂರಿನ ತುಂಬ ಡೌನ್‌ಲೈಟ್ ಚುಚ್ಚಿ ತರಬೇಡಿ. ಡೌನ್‌ಲೈಟಿನ ಬೆಳಕು ನೆಟ್ಟಗೆ ನೆಲಕ್ಕೆ ಬೀಳುತ್ತದೆ, ನಿಮ್ಮ ನೆಲವೋ ಕಪ್ಪು. ಗೋಡೆ ಕತ್ತಲಾಗಿಯೇ ಉಳಿಯುತ್ತದೆ. ಕೋಣೆ ಬೆಳಗಿದೆಯೋ ಇಲ್ಲವೋ ಎಂದು ಕಣ್ಣು ತೀರ್ಮಾನಿಸುವುದು ಎದುರಿಗೆ ಕಾಣುವ ಗೋಡೆ ಮತ್ತು ಸೂರು ನೋಡಿ. ಮೀಟರ್ 150 ತೋರಿಸಿದರೂ ಮಂಕು ಅನಿಸುವ ಕೋಣೆಗಳ ಕಥೆ ಇಷ್ಟೇ.

ಫಾಲ್ಸ್ ಸೀಲಿಂಗ್ ಯಾಕೆ ಬೇಡ: 8.5 ಅಡಿಯಲ್ಲಿ ಅದು 4ರಿಂದ 6 ಇಂಚು ತಿನ್ನುತ್ತದೆ. ನ್ಯಾಷನಲ್ ಬಿಲ್ಡಿಂಗ್ ಕೋಡ್ ನೆಲಮಾಳಿಗೆಗೆ ಹೇಳುವ ಕನಿಷ್ಠ ಎತ್ತರ 2.4 ಮೀಟರ್, ಅಂದರೆ 7 ಅಡಿ 10 ಇಂಚು. ನೀವು ಅದರ ಅಂಚಿಗೇ ಬಂದು ನಿಲ್ಲುತ್ತೀರಿ.

ನಾನು ಹಾಕುವುದಾದರೆ ಹೀಗೆ:

ಕಿಟಕಿ ಇಲ್ಲದ ಎಡಗಡೆ ಉದ್ದ ಗೋಡೆಗೆ, ನೆಲದಿಂದ 7 ಅಡಿ ಎತ್ತರದಲ್ಲಿ, ಪೂರ್ತಿ 18 ಅಡಿ ಉದ್ದಕ್ಕೆ ಒಂದು ಕೋವ್. 4 ಇಂಚು ಚಾಚಿದ ಕಿರು ಕಪಾಟಿನಂಥದ್ದು, ಮುಂದೆ ಸಣ್ಣ ಅಂಚು. ಅದರೊಳಗೆ ಅಲ್ಯೂಮಿನಿಯಂ ಚಾನೆಲ್‌ನಲ್ಲಿ 24 ವೋಲ್ಟಿನ ಎಲ್‌ಇಡಿ ಪಟ್ಟಿ, ಮೀಟರಿಗೆ 120 ಎಲ್‌ಇಡಿ, 12 ವ್ಯಾಟ್. 5.5 ಮೀಟರಿಗೆ 66 ವ್ಯಾಟ್, ಸುಮಾರು 6600 ಲುಮೆನ್. ಬೆಳಕು ಸೂರಿಗೆ ಬಡಿದು ಹರಡುತ್ತದೆ. ಸೂರಿಗೆ ತೀರ ಹತ್ತಿರ ಇಟ್ಟರೆ ಕಣ್ಣು ಕುಕ್ಕುವ ಒಂದು ಬಿಳಿ ಗೆರೆ ಮಾತ್ರ ಕಾಣುತ್ತದೆ, ಕನಿಷ್ಠ 1 ಅಡಿ ಬಿಡಬೇಕು. 7 ಅಡಿಯಲ್ಲಿಟ್ಟರೆ ನಿಮಗೆ ಒಂದೂವರೆ ಅಡಿ ಸಿಗುತ್ತದೆ, ತೊಲೆಯ ಕೆಳಗೂ ನೇರ ಹಾದುಹೋಗುತ್ತದೆ.

ಜೊತೆಗೆ ಸೂರಿಗೆ ಹೊರಗಿನಿಂದಲೇ ಕೂರಿಸುವ, ತಲೆ ತಿರುಗಿಸಬಹುದಾದ 7 ವ್ಯಾಟಿನ ಆರು ಸ್ಪಾಟ್. ನಾಲ್ಕನ್ನು ರಸ್ತೆ ಕಡೆಯ ಗೋಡೆಗೆ, ಉಳಿದೆರಡನ್ನು ಮೆಟ್ಟಿಲು ಇಳಿದಾಗ ಮೊದಲು ಎದುರಾಗುವ ಗೋಡೆಗೆ ತಿರುಗಿಸಿ. ಗೋಡೆಯಿಂದ ಎರಡೂವರೆ ಮೂರು ಅಡಿ ದೂರ, ಒಂದಕ್ಕೊಂದು 3 ಅಡಿ ಅಂತರ. ಗೋಡೆಗೆ 6 ಇಂಚು ಹತ್ತಿರ ತಂದರೆ ಹೊಸ ಗಾರೆಯ ಒಂದೊಂದು ಉಬ್ಬುತಗ್ಗೂ ನೆರಳು ಬಿಟ್ಟು ಮೇಸ್ತ್ರಿಯ ಮರ್ಯಾದೆ ಹೋಗುತ್ತದೆ.

ಕೋವ್‌ನಲ್ಲಿ ಸೋರಿಹೋಗುವುದನ್ನೂ ಕಳೆದು ಲೆಕ್ಕ ಹಾಕಿದರೆ ಎರಡೂ ಸೇರಿ ಸುಮಾರು 165 ಲಕ್ಸ್. ಓದುವ ಮೇಜಿಗೆ ಬೇರೆ ದೀಪ, ಬಲಗೈಯಲ್ಲಿ ಬರೆಯುವ ಮಗುವಿಗೆ ಎಡಗಡೆಯಿಂದ.

ಬಣ್ಣದ ತಾಪ: ಕೋವ್ ಮತ್ತು ಸ್ಪಾಟ್ 4000 ಕೆಲ್ವಿನ್, ಸಿಆರ್‌ಐ (ದೀಪದಡಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬ ಅಂಕಿ) 90. ಮೂಲೆಯಲ್ಲೊಂದು ನಿಲುದೀಪ 3000 ಕೆಲ್ವಿನ್, ಸಂಜೆಗೆ ಅದೊಂದೇ. 6500 ಕೆಲ್ವಿನ್ ‘ಜಾಸ್ತಿ ಬೆಳಕು’ ಎಂದು ಅಂಗಡಿಯವರು ಕೊಡುತ್ತಾರೆ. ಕಡಿಮೆ ಲಕ್ಸ್‌ನಲ್ಲಿ ಆ ನೀಲಿ ಬಿಳುಪು ಕೋಣೆಯನ್ನು ಶವಾಗಾರದ ಹಾಗೆ ಮಾಡುತ್ತದೆ. ಕೊಳ್ಳುವ ಮುಂಚೆ ದೀಪ ಹೊತ್ತಿಸಿ ಮೊಬೈಲ್ ಕ್ಯಾಮೆರಾದ ಸ್ಲೋ ಮೋಷನ್‌ನಲ್ಲಿ ನೋಡಿ. ಎದ್ದು ಕಾಣುವ ಪಟ್ಟಿಗಳು ಓಡಿದರೆ ಆ ದೀಪ ಮಿನುಗುತ್ತಿದೆ, ಅದರ ಕೆಳಗೆ ಓದುವವರಿಗೆ ಕಣ್ಣು ನೋವು.

ಬೆಳಕಿಂಡಿ

ಇಬ್ಬರೂ ಹೊರಗಿನ ಓಣಿಯನ್ನು ಮರೆತರು. ಹಗಲು ಬೆಳಕಿಗೆ ದುಡ್ಡು ಕಡಿಮೆ, ಲಾಭ ಜಾಸ್ತಿ ಇರುವುದು ಅಲ್ಲೇ.

ನಿಮ್ಮ ವೆಂಟಿಲೇಟರ್ ಒಳಗಿನಿಂದ ನೋಡುವುದು ಆಕಾಶವನ್ನಲ್ಲ, 3 ಅಡಿ ಆಚೆಯ ಕಾಂಪೌಂಡ್ ಗೋಡೆಯನ್ನು. ಆ ಗೋಡೆಯೇ ಈ ಕೋಣೆಯ ಆಕಾಶ. ಅದು ಪಾಚಿ ಹಿಡಿದ ಬೂದು ಸಿಮೆಂಟಾದರೆ ಒಳಗೆ ಬರುವುದೂ ಬೂದು ಬೆಳಕೇ. ವೆಂಟಿಲೇಟರ್ ಎದುರಿನ ಭಾಗಕ್ಕೆ, ಎರಡೂ ಬದಿಗೆ 4 ಅಡಿ ಹೆಚ್ಚುವರಿ ಸೇರಿಸಿ, ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್ ಹೊಡೆಸಿ. ಓಣಿಯ ನೆಲಕ್ಕೆ ತಿಳಿ ಬಣ್ಣದ ಒರಟು ಟೈಲ್. ಬಿಳಿ ಜಲ್ಲಿ ಚಂದ, ಆದರೆ ಎಲೆ, ಕಸ ಸಿಕ್ಕಿಕೊಂಡರೆ ಗುಡಿಸಲಾಗುವುದಿಲ್ಲ. ಓಣಿಯ ಇಳಿಜಾರು ಮನೆಯಿಂದ ಆಚೆಗಿರಲಿ. ವೆಂಟಿಲೇಟರಿನ ಹೊಸ್ತಿಲು ಹೊರಗಿನ ನೆಲಕ್ಕಿಂತ ಕನಿಷ್ಠ 6 ಇಂಚು ಮೇಲಿರಬೇಕು, ಇಲ್ಲವಾದರೆ ಜೋರು ಮಳೆಯ ಸಿಡಿತ ಒಳಗೆ ಬರುತ್ತದೆ. ಬಿಳಿ ಗೋಡೆಯನ್ನು ಮಳೆಗಾಲ ಮುಗಿದ ಮೇಲೆ ಒಮ್ಮೆ ಉಜ್ಜಿ ತೊಳೆಯಬೇಕಾಗುತ್ತದೆ, ಅದೊಂದು ಕೆಲಸ ತಪ್ಪಿದ್ದಲ್ಲ.

ಎರಡೂ ವೆಂಟಿಲೇಟರ್ ಸೇರಿ 12 ಚದರ ಅಡಿ, ನೆಲದ ವಿಸ್ತೀರ್ಣದ ನೂರಕ್ಕೆ ಐದೂವರೆ ಭಾಗ. ಅದರಲ್ಲೂ ದಪ್ಪ ಮರದ ಚೌಕಟ್ಟು, ನಡುವೆ ಎರಡು ಕಂಬ, ಕಬ್ಬಿಣದ ಸರಳು, ದೂಳು ಹಿಡಿದ ಸೊಳ್ಳೆ ಜಾಲರಿ ಇದ್ದರೆ ನಿಜವಾದ ಗಾಜು ಎಷ್ಟು ಉಳಿಯುತ್ತದೆ ಅಳೆದು ನೋಡಿ. ತೆಳು ಅಲ್ಯೂಮಿನಿಯಂ ಚೌಕಟ್ಟು, ಒಂದೇ ಗಾಜು, ತೆಗೆದು ತೊಳೆಯಬಹುದಾದ ಜಾಲರಿಗೆ ಬದಲಾಯಿಸಿ. ಕದ ಒಳಕ್ಕೆ ವಾಲುವಂತಿರಲಿ, ಹೊರಕ್ಕೆ ತೆರೆದರೆ ಓಣಿಯಲ್ಲಿ ಓಡುವ ಮಕ್ಕಳ ತಲೆಗೆ ಬಡಿಯುತ್ತದೆ. ಸ್ಲೈಡಿಂಗ್ ಹಾಕಿದರೆ ಗಾಳಿಗೆ ತೆರೆಯುವುದು ಅರ್ಧವೇ.

ವೆಂಟಿಲೇಟರ್ ಕೆಳಗಿನ ಗೋಡೆಯ ಒಳ ಅಂಚನ್ನು 45 ಡಿಗ್ರಿ ಇಳಿಜಾರಾಗಿ ಕತ್ತರಿಸಿ ಹೊಳಪಿನ ಬಿಳಿ ಟೈಲ್ ಹಾಕಿದರೆ ಬೆಳಕು ಕೋಣೆಯೊಳಕ್ಕೆ ಜಾರುತ್ತದೆ. ಇದು ಬರೀ ಇಟ್ಟಿಗೆ ಅಥವಾ ಬ್ಲಾಕ್ ಗೋಡೆಯಾದರೆ ಮಾತ್ರ. ಒಳಗೆ ಕಾಂಕ್ರೀಟ್ ಇದ್ದರೆ ಮುಟ್ಟಬೇಡಿ. ಮಣ್ಣಿಗೆ ಒರಗಿದ ಗೋಡೆಯಲ್ಲಂತೂ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡದೆ ಒಂದು ಇಂಚೂ ಕೊರೆಯಬೇಡಿ, ಅದು ಮಣ್ಣಿನ ಭಾರ ಹೊತ್ತಿರುತ್ತದೆ.

ಒಳಗಿನ ಬಣ್ಣ: ಸೂರಿಗೆ ಹೊಳಪಿಲ್ಲದ ಬಿಳಿ, ತೊಲೆಗೂ ಅದೇ. ತೊಲೆಗೆ ಬೇರೆ ಬಣ್ಣ ಹೊಡೆದರೆ ತಲೆಯ ಮೇಲೆ ಇನ್ನೂ ಇಳಿದು ಬಂದಂತೆ ಕಾಣುತ್ತದೆ. ಗೋಡೆಗೆ ತುಸು ಹಳದಿ ಛಾಯೆಯ ಬಿಳಿ. ಶೇಡ್ ಕಾರ್ಡಿನಲ್ಲಿ ಎಲ್‌ಆರ್‌ವಿ ಎಂಬ ಅಂಕಿ ಇದ್ದರೆ ನೋಡಿ. ಬಣ್ಣ ಎಷ್ಟು ಬೆಳಕನ್ನು ಹಿಂದಕ್ಕೆ ಕೊಡುತ್ತದೆ ಎಂಬ ಲೆಕ್ಕ ಅದು. ಗೋಡೆಗೆ 70ರಿಂದ 80, ಸೂರಿಗೆ 85ರ ಮೇಲೆ. ತೀರ ಅಚ್ಚ ಬಿಳಿ ಇಂಥ ಕಡೆ ಬೂದಿಯಾಗಿ ಕಾಣುತ್ತದೆ. 2 ಅಡಿ ಚೌಕದ ಹಲಗೆಗೆ ಬಣ್ಣ ಬಳಿದು ಅತಿ ಕತ್ತಲಿನ ಮೂಲೆಯಲ್ಲಿಟ್ಟು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ ಆರಿಸಿ.

ಕನ್ನಡಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ವೆಂಟಿಲೇಟರ್ ಎದುರಿಗೆ ಹಾಕಿದರೆ ಸರಿ. ಕತ್ತಲೆ ಮೂಲೆ ನೋಡುವ ಹಾಗೆ ಹಾಕಿದರೆ ಕತ್ತಲೆ ಎರಡಾಗುತ್ತದೆ.

ಮೂವತ್ತು-ನಲವತ್ತು

ತುಂಬ ಉಪಕಾರ. ಸಂಪಿನ ಪರೀಕ್ಷೆ ಮಾಡಿದೆ: 24 ಗಂಟೆಯಲ್ಲಿ ಎರಡು ಸೆಂಟಿಮೀಟರಿಗೆ ತುಸು ಕಡಿಮೆ ಇಳಿದಿದೆ. ಮೂರು ಪ್ರಶ್ನೆ ಉಳಿದಿವೆ. ಕಡಪ ಕಲ್ಲು ಕೀಳಬೇಕಾ? ಎಕ್ಸಾಸ್ಟ್ ಫ್ಯಾನ್ ಎಷ್ಟು ದೊಡ್ಡದು? ಬ್ಯಾಟರಿ ಅಲ್ಲೇ ಇರಬಹುದಾ?

ಕರಣೆ

ಹಾಗಾದರೆ ಸಂಪೇ ಕಾರಣ. ಅದನ್ನು ಮುಗಿಸಿ, ಮತ್ತೆ 24 ಗಂಟೆ ಪರೀಕ್ಷೆ ಮಾಡಿ, ಮಟ್ಟ ನಿಂತ ಮೇಲೆಯೇ ಒಳಗಿನ ಗಾರೆ ಕೆತ್ತಿಸಿ.

ಕಲ್ಲು ಕೀಳಬೇಡಿ. ಅಲ್ಲೂ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ, ನೆಲ ಒಣಗಿದ್ದರೆ ಅದರ ಮೇಲೇ ತಿಳಿ ಬಣ್ಣದ ಮ್ಯಾಟ್ ವಿಟ್ರಿಫೈಡ್ ಟೈಲ್ ಕೂರಿಸಬಹುದು. ಕಲ್ಲಿನ ಪಾಲಿಶ್ ಮೈಯನ್ನು ಗ್ರೈಂಡರ್‌ನಿಂದ ಒರಟು ಮಾಡಿಸಿ, ಪಾಲಿಮರ್ ಬೆರೆತ ಟೈಲ್ ಅಂಟು ಬಳಸಿ. ಬರೀ ಸಿಮೆಂಟ್ ಹಾಲು ಕಲ್ಲಿಗೆ ಹಿಡಿಯದೆ ಟೈಲ್ ಟೊಳ್ಳು ಸದ್ದು ಮಾಡುತ್ತದೆ. ನೆಲ ಒಂದೂವರೆ ಸೆಂಟಿಮೀಟರಿನಷ್ಟು ಏರುತ್ತದೆ. ಬಾಗಿಲ ಕೆಳಗೆ ಕತ್ತರಿಸಬೇಕು, ಕೊನೆಯ ಮೆಟ್ಟಿಲು ಅಷ್ಟು ಗಿಡ್ಡವಾಗುತ್ತದೆ, ಮೊದಲ ದಿನಗಳಲ್ಲಿ ಕಾಲು ಎಡವಬಹುದು. ನೆಲ ಒದ್ದೆ ಇದ್ದರೆ ಟೈಲೂ ಬೇಡ, ಗೋಡೆಯಿಂದ ಗೋಡೆಗೆ ಕಾರ್ಪೆಟ್ಟೂ ಬೇಡ. ಎತ್ತಿ ಬಿಸಿಲಿಗೆ ಹಾಕಬಹುದಾದ ತಿಳಿ ಬಣ್ಣದ ಜಮಖಾನ ಸಾಕು.

ಕಪಾಟು, ಸೋಫಾ ಗೋಡೆಯಿಂದ 3 ಇಂಚು ಆಚೆ, ಕಾಲಿರುವಂಥವು. ಗೋಡೆಗೆ ಅಂಟಿಸಿಟ್ಟರೆ ಹಿಂದೆ ಬೂಷ್ಟು ಖಾತ್ರಿ.

ಫೇಸ್ ನ್ಯೂಟ್ರಲ್

ಫ್ಯಾನ್ ಲೆಕ್ಕ: ಕೋಣೆ 1836 ಘನ ಅಡಿ, ಸುಮಾರು 52 ಘನ ಮೀಟರ್. ಗಂಟೆಗೆ ಆರು ಸಲ ಗಾಳಿ ಬದಲಾಗಬೇಕೆಂದರೆ ಗಂಟೆಗೆ 310 ಘನ ಮೀಟರ್. ಡಬ್ಬದ ಮೇಲೆ ಈ ಅಂಕಿ ನೋಡಿ ತನ್ನಿ, ಇಂಚಿನ ಲೆಕ್ಕದಲ್ಲಲ್ಲ. ಫ್ಯಾನ್ ಒಂದು ವೆಂಟಿಲೇಟರಿನ ಮೂಲೆಯಲ್ಲಿ, ಮೆಟ್ಟಿಲಿನಿಂದ ದೂರದ್ದರಲ್ಲಿ. ಗಾಳಿ ಬರುವ ದಾರಿ ಎದುರು ತುದಿಯಲ್ಲಿರಲಿ, ಮೆಟ್ಟಿಲ ಬಾಗಿಲ ಕೆಳಗೆ 1 ಇಂಚು ಸಂದು ಬಿಡಿ. ಒಳಗೆ ಬರಲು ದಾರಿಯಿಲ್ಲದೆ ಫ್ಯಾನ್ ಓಡಿದರೆ ಬರೀ ಸದ್ದು.

ಒಂದು ಎಚ್ಚರ. ಜಿಟಿಜಿಟಿ ಮಳೆಯ ದಿನ ಇಡೀ ದಿನ ಫ್ಯಾನ್ ಹಾಕಿದರೆ ಹೊರಗಿನ ತೇವದ ಗಾಳಿ ಒಳಗೆ ಬಂದು ತಣ್ಣಗಿನ ಗೋಡೆಗೆ ಬೆವರು ಕಟ್ಟುತ್ತದೆ. ಗಾಳಿಯ ತೇವಾಂಶ ಅಳೆಯುವ ಒಂದು ಹೈಗ್ರೊಮೀಟರ್ ತೂಗುಹಾಕಿ. ತೇವಾಂಶ ನೂರಕ್ಕೆ 60ರ ಕೆಳಗಿದ್ದರೆ ನಿಶ್ಚಿಂತೆ. ವಾರಗಟ್ಟಲೆ 70 ದಾಟಿ ನಿಂತರೆ ಕಿಟಕಿ ಮುಚ್ಚಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಓಡಿಸಿ. ವೀಣೆಯನ್ನು ಕೋಣೆ ಒಂದು ಮಳೆಗಾಲ ದಾಟುವವರೆಗೆ ರಾತ್ರಿ ಮೇಲೆ ಒಯ್ದಿಡಿ. ಮೇಣದ ಮೇಳಕ್ಕೂ ಮರದ ಕೊಡಕ್ಕೂ ತೇವದ ಏರಿಳಿತ ಒಳ್ಳೆಯದಲ್ಲ.

ಬ್ಯಾಟರಿ ಅಲ್ಲಿರಬಾರದು. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಾಡುವ ಜಾಗ ಬೇಕು. ಮೇಲೆ ಸಾಗಿಸುವಾಗ ಬ್ಯಾಟರಿಯನ್ನು ಮಾತ್ರ ಒಯ್ದು ಇನ್ವರ್ಟರನ್ನು ಕೆಳಗೇ ಬಿಡಬೇಡಿ. 12 ವೋಲ್ಟಿನಲ್ಲಿ 800 ವ್ಯಾಟ್ ಎಂದರೆ ಇನ್ವರ್ಟರಿನ ನಷ್ಟವೂ ಸೇರಿ 70 ಆಂಪಿಯರ್ ದಾಟುತ್ತದೆ, ಉದ್ದ ಕೇಬಲ್ ಬಿಸಿಯಾಗುತ್ತದೆ. ಎರಡೂ ಜೊತೆಗಿರಲಿ, 230 ವೋಲ್ಟಿನ ತಂತಿ ಉದ್ದ ಎಳೆಯಿರಿ. ಗ್ಯಾಸ್ ಸಿಲಿಂಡರನ್ನೂ ಈ ಕೋಣೆಯಲ್ಲಿ ಇಡಬೇಡಿ, ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ.

ಕೋವ್ ಪಟ್ಟಿಯ 66 ವ್ಯಾಟಿಗೆ 100 ವ್ಯಾಟಿನ ಡ್ರೈವರ್ (230 ವೋಲ್ಟನ್ನು 24ಕ್ಕೆ ಇಳಿಸಿ ಕೊಡುವ ಡಬ್ಬಿ) ಹಾಕಿ, 75ರದ್ದು ಸಾಲುವಂತೆ ಕಂಡರೂ ಬಿಸಿಯಾಗಿ ಬೇಗ ಸಾಯುತ್ತದೆ. ಅದನ್ನು ಕೋವ್ ಒಳಗೆ ಮುಚ್ಚಿಬಿಡಬೇಡಿ, ಕೈಗೆ ಸಿಗುವ, ಗಾಳಿಯಾಡುವ ಕಡೆ ಇರಲಿ. ಪಟ್ಟಿಗೆ ಕರೆಂಟ್ ನಡುವಿನಿಂದ ಕೊಡಿ, ಆಗ ಎರಡೂ ತುದಿಗೆ ಒಂದೇ ಸಮ ಬೆಳಕು. 12 ವೋಲ್ಟಿನ ಪಟ್ಟಿ ಹಾಕಿ ಒಂದೇ ತುದಿಯಿಂದ ಕೊಟ್ಟರೆ ಕೊನೆಯ ಮೀಟರ್ ಮಂಕಾಗುವುದು ಕಣ್ಣಿಗೇ ಕಾಣುತ್ತದೆ.

ಕೋವ್, ಸ್ಪಾಟ್, ನಿಲುದೀಪ ಮೂರಕ್ಕೂ ಬೇರೆ ಬೇರೆ ಸ್ವಿಚ್. ಡಿಮ್ಮರ್ ಬೇಡ, ಅಗ್ಗದ ಡ್ರೈವರ್‌ಗೆ ಡಿಮ್ಮರ್ ಹಾಕಿದರೆ ಮಿನುಗು ಶುರು. ಸಾಕೆಟ್‌ಗಳು ನೆಲದಿಂದ ಒಂದೂವರೆ ಅಡಿ ಮೇಲೆ, ಈ ಕೋಣೆಯ ಇಡೀ ಸರ್ಕ್ಯೂಟಿಗೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಮೆಟ್ಟಿಲ ದೀಪಕ್ಕೆ ಮೇಲೊಂದು ಕೆಳಗೊಂದು ಟೂ-ವೇ ಸ್ವಿಚ್, ಅದು ಇನ್ವರ್ಟರ್ ಲೈನಿನಲ್ಲೇ ಇರಲಿ. ಹಗಲು ಹೊತ್ತಲ್ಲೂ ಆ ದೀಪ ಹಾಕಿಕೊಂಡೇ ಇಳಿಯಿರಿ. ಲಕ್ಸ್ ಲೆಕ್ಕದವರು ಹೇಳಿದ 10,000ದಿಂದ 165ಕ್ಕೆ ಕಣ್ಣು ಹೊಂದಿಕೊಳ್ಳುವುದು ಆ ಮೆಟ್ಟಿಲುಗಳ ಮೇಲೆಯೇ.